ಅಕ್ಕ ಹಾಕಿದ ಸಹಿ

(ಗೋವಿಂದನಹಳ್ಳಿಯಲ್ಲಿ ನಡೆದ ಮಹಿಳಾ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ನನಗೆ ಕೊಟ್ಟಿರುವ ವಿಷಯ 'ಅರಬ್ ನಾಡಿನಲ್ಲಿ ಹೆಣ್ಣಿನ ಹಕ್ಕು'. ಫೋನಿನಲ್ಲಿ ಕೇಳಿದಾಗ ನಕ್ಕುಬಿಟ್ಟೆ. ಕೆ.ಆರ್. ಪೇಟೆಯ ಸಂತೆಗೆ ಹೋಗಿಬರುವುದೇ ದೊಡ್ಡ ಪ್ರಯಾಣ ಅಂದುಕೊಂಡಿರುವ ನಮಗೆ ಅರಬ್ ದೇಶದ ಮಾತು ಏಕೆ ಎಂದು. ಆಮೇಲೆ ಒಂದು ವಾರ ಓದಿದೆ. ಓದುತ್ತಾ ಹೋದಂತೆ ನಗು ನಿಂತಿತು. ಅರಬ್ ನಾಡು ಎಂದರೆ ಒಂದಲ್ಲ, ಇಪ್ಪತ್ತಕ್ಕೂ ಹೆಚ್ಚು ದೇಶಗಳು. ಸೌದಿಯಲ್ಲಿ ಹೆಣ್ಣು ಕಾರು ಓಡಿಸಲು 2018ರ ಜೂನ್‌ವರೆಗೆ ಕಾಯಬೇಕಾಯಿತು. ಅದನ್ನು ನೀವೆಲ್ಲ ಟಿ.ವಿ.ಯಲ್ಲಿ ನೋಡಿದ್ದೀರಿ. ನಾನು ಅದನ್ನು ಬಿಟ್ಟು ಟ್ಯುನೀಷಿಯಾ ಎಂಬ ಒಂದೇ ದೇಶದ ಮಾತು ಹೇಳುತ್ತೇನೆ. ಆಫ್ರಿಕಾದ ಉತ್ತರ ತುದಿಯಲ್ಲಿ, ಸಮುದ್ರದ ಅಂಚಿನಲ್ಲಿರುವ ಪುಟ್ಟ ದೇಶ. ಅಲ್ಲಿಂದ ನಮ್ಮ ಊರಿಗೇ ವಾಪಸ್ ಬರುತ್ತೇನೆ, ಹೆದರಬೇಡಿ.

ಅಲ್ಲಿ ತಾಹರ್ ಹದ್ದಾದ್ ಎಂಬ ಒಬ್ಬ ವಿದ್ವಾಂಸ ಇದ್ದ. ಜೈತೂನ ಎಂಬ ಹಳೆಯ ಮಸೀದಿಯ ವಿದ್ಯಾಪೀಠದಲ್ಲಿ ಧರ್ಮಶಾಸ್ತ್ರ ಓದಿದವನು, ಕಾರ್ಮಿಕರ ಸಂಘ ಕಟ್ಟಲು ದುಡಿದವನು. 1930ರಲ್ಲಿ ಹೆಣ್ಣುಮಕ್ಕಳ ಸ್ಥಿತಿಯ ಬಗ್ಗೆ ಒಂದು ಪುಸ್ತಕ ಬರೆದ. ಧರ್ಮದ ಒಳಗೆ ನಿಂತುಕೊಂಡೇ ಬರೆದ. ಹೆಣ್ಣಿಗೆ ಓದು ಬೇಕು, ಗಂಡ ಬಾಯಿಮಾತಿನಲ್ಲಿ ಹೆಂಡತಿಯನ್ನು ಬಿಡುವುದು ನಿಲ್ಲಬೇಕು, ಧರ್ಮದ ಉದ್ದೇಶ ನ್ಯಾಯವೇ ಆಗಿರುವುದರಿಂದ ಕಾಲ ಬದಲಾದಂತೆ ನಿಯಮವೂ ನಡೆಯಬೇಕು ಎಂದ. ಅವನಿಗೆ ಕಲಿಸಿದ ಗುರುಗಳೇ ಅವನ ಮೇಲೆ ಎರಗಿದರು. ಪದವಿ ಕಿತ್ತುಕೊಂಡರು. 1935ರಲ್ಲಿ, ನಲವತ್ತು ತುಂಬುವ ಮೊದಲೇ, ಕಾಯಿಲೆಯಲ್ಲಿ ಒಂಟಿಯಾಗಿ ತೀರಿಕೊಂಡ. ಕಲ್ಯಾಣದ ಕಥೆ ಕೇಳಿ ಬೆಳೆದ ನಮಗೆ ಇದು ಪರಕೀಯ ಅನ್ನಿಸಬಾರದು.

ಅವನು ಸತ್ತ ಇಪ್ಪತ್ತೊಂದು ವರ್ಷಕ್ಕೆ, 1956ರ ಮಾರ್ಚ್‌ನಲ್ಲಿ ಆ ದೇಶ ಸ್ವತಂತ್ರವಾಯಿತು. ಐದು ತಿಂಗಳಾಗುವುದರೊಳಗೆ, ಆಗಸ್ಟ್ 13ರಂದು, ಹಬೀಬ್ ಬೂರ್ಗಿಬಾನ ಸರ್ಕಾರ ಕುಟುಂಬದ ಹೊಸ ಕಾನೂನು ತಂದಿತು. ಬಹುಪತ್ನಿತ್ವ ನಿಷೇಧ. ವಿಚ್ಛೇದನ ಕೋರ್ಟಿನಲ್ಲಿ ಮಾತ್ರ, ಅದನ್ನು ಹೆಣ್ಣೂ ಕೇಳಬಹುದು. ಮದುವೆಗೆ ಹೆಣ್ಣಿನ ಒಪ್ಪಿಗೆ ಕಡ್ಡಾಯ. ಅರಬ್ ಜಗತ್ತಿನಲ್ಲಿ ಆಗ ಇಷ್ಟು ದೂರ ಹೋದ ದೇಶ ಬೇರೊಂದಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಅದೇ 1956ರಲ್ಲಿ, ಅದಕ್ಕೆ ಎರಡು ತಿಂಗಳ ಮುಂಚೆ, ಜೂನ್ 17ರಂದು ನಮ್ಮ ದೇಶದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂತು. ಅದರ ಹಿಂದಿನ ವರ್ಷ ಬಂದ ವಿವಾಹ ಕಾಯ್ದೆ ಎರಡನೇ ಹೆಂಡತಿಯನ್ನು ನಿಷೇಧಿಸಿತ್ತು. ಲಿಂಗಾಯತರಾದ ನಮಗೂ ಇವೇ ಕಾನೂನು. ಅಂದರೆ ಅವರ ಹೆಣ್ಣುಮಕ್ಕಳೂ ನಮ್ಮ ಹೆಣ್ಣುಮಕ್ಕಳೂ ಹೆಚ್ಚುಕಡಿಮೆ ಒಂದೇ ವರ್ಷ ಒಂದೇ ಹೊಸ್ತಿಲು ದಾಟಿದರು.

ಎರಡೂ ಕಡೆ ಕಾನೂನು ಒಂದೇ ಜಾಗದಲ್ಲಿ ಎಡವಿತು. ಆಸ್ತಿಯಲ್ಲಿ. ಅಷ್ಟೆಲ್ಲ ಬದಲಾಯಿಸಿದ ಬೂರ್ಗಿಬಾ ಅಣ್ಣನಿಗೆ ಎರಡು ಪಾಲು, ತಂಗಿಗೆ ಒಂದು ಪಾಲು ಎಂಬ ಹಳೆಯ ನಿಯಮವನ್ನು ಮುಟ್ಟಲಿಲ್ಲ. ಅದು ಕುರಾನಿನ ನಿಯಮ. ಅದನ್ನು ನೋಡಿ ನಾವು ಮೂಗು ಮುರಿಯುವ ಹಾಗಿಲ್ಲ. ಏಳನೇ ಶತಮಾನದಲ್ಲೇ ಮಗಳಿಗೆ ಅರ್ಧವಾದರೂ ಪಾಲು ಎಂದು ಅಲ್ಲಿ ಬರೆದಿಟ್ಟರು. ನಮ್ಮಲ್ಲಿ ಗಂಡುಮಕ್ಕಳಿರುವ ಮನೆಯ ಮಗಳಿಗೆ ಸೀರೆ, ಪಾತ್ರೆ, ಕಣ್ಣೀರು ಬಿಟ್ಟರೆ ಪಾಲೆಂಬುದೇ ಇರಲಿಲ್ಲ.

ಇರಲಿಲ್ಲ ಎಂದೆ. ಪೂರ್ತಿ ಸರಿಯಲ್ಲ ಅದು. ನಮ್ಮ ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆಯೊಂದು ಬಂತು. ಮನೆ ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಮಗಳಿಗೆ ಪಾಲು ಕೊಡಬೇಕು ಎಂದಿತು. ಮದುವೆಯಾಗದ ಮಗಳಿಗೆ ಅಣ್ಣನ ಪಾಲಿನ ಕಾಲುಭಾಗ. ಕಾಲುಭಾಗವೇ ಇರಲಿ, ಬ್ರಿಟಿಷರ ಆಳ್ವಿಕೆಯ ಭಾಗದಲ್ಲಿ ವಿಧವೆಗೆ ಪಾಲು ಎಂಬ ಕಾನೂನು ಬಂದದ್ದು 1937ರಲ್ಲಿ. ಅದರಲ್ಲಿ ಮಗಳ ಹೆಸರೇ ಇರಲಿಲ್ಲ. ಇದೇ 1933ರಲ್ಲಿ ಮಂಡ್ಯದಲ್ಲಿ ಮೈಷುಗರ್ ಕಾರ್ಖಾನೆ ಶುರುವಾಯಿತು. ಆ ಕಾರ್ಖಾನೆಯ ಚರಿತ್ರೆಯನ್ನು ನಮ್ಮ ಜಿಲ್ಲೆಯ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಆ ಕಾಯ್ದೆಯ ಹೆಸರನ್ನು ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ನಾನೇ ನಿವೃತ್ತಳಾದ ಮೇಲೆ ಓದಿದ್ದು.

ಈಗ ನಮ್ಮ ಮನೆಯ ಮಾತು. ಸಭೆಯಲ್ಲಿ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಹೇಳದಿದ್ದರೆ ಉಳಿದದ್ದೆಲ್ಲ ಪುಸ್ತಕದ ಮಾತಾಗುತ್ತದೆ.

ನಮ್ಮಪ್ಪನಿಗೆ ಆರು ಎಕರೆ ಇತ್ತು. ಪಿತ್ರಾರ್ಜಿತ. ಅಣ್ಣ ಒಬ್ಬ, ಅಕ್ಕ, ನಾನು. ಅವ್ವ ಮೊದಲೇ ಹೋಗಿದ್ದಳು. 1990ರಲ್ಲಿ ಅಪ್ಪ ತೀರಿಕೊಂಡರು. ನಮ್ಮಿಬ್ಬರಿಗೂ ಮದುವೆಯಾಗಿತ್ತು. ಮರುವರ್ಷ ಖಾತೆ ಮಾಡಿಸಬೇಕು, ಬಂದು ಹೋಗಿ ಎಂದು ಅಣ್ಣ ಹೇಳಿಕಳುಹಿಸಿದ. ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ, ಮರದ ಕೆಳಗೆ, ಪತ್ರ ಬರೆಯುವವರ ಮೇಜು. ಹಕ್ಕು ಬಿಡುಗಡೆ ಪತ್ರ ಸಿದ್ಧವಾಗಿತ್ತು. ಅಕ್ಕ ನಾಲ್ಕನೇ ಕ್ಲಾಸು ಓದಿದವಳು. ಪೆನ್ನು ಹಿಡಿದು ನನ್ನ ಕಡೆ ತಿರುಗಿ, 'ನೀನು ಓದಿದ್ದೀಯಲ್ಲವ್ವ, ಇದ್ರಲ್ಲಿ ಏನೈತೆ ನೋಡು' ಅಂದಳು. ನಾನು ಓದಲಿಲ್ಲ. 'ಹಾಕಕ್ಕ, ಅಣ್ಣಯ್ಯ ತಾನೇ' ಅಂದೆ. ಇಬ್ಬರೂ ಹಾಕಿದೆವು. ಅರಿಶಿನ ಕುಂಕುಮಕ್ಕೆ ಅಂತ ಒಂದೊಂದು ಸೀರೆ, ಐನೂರು ಐನೂರು ರೂಪಾಯಿ. ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಸ್ಸು ಹತ್ತಿದೆವು. ಹಿಂದಿನ ದಿನ ತಾನೇ ನಾನು ಹತ್ತನೇ ಕ್ಲಾಸಿಗೆ ಮೂಲಭೂತ ಹಕ್ಕುಗಳ ಪಾಠ ಮುಗಿಸಿದ್ದೆ.

ಅಂದಿನ ಕಾನೂನಿನ ಲೆಕ್ಕ ಹೀಗಿತ್ತು. ಹುಟ್ಟಿನಿಂದ ಹಕ್ಕು ಗಂಡಿಗೆ ಮಾತ್ರ. ಆರು ಎಕರೆಯಲ್ಲಿ ಅಪ್ಪನಿಗೆ ಮೂರು, ಅಣ್ಣನಿಗೆ ಮೂರು. ಅಪ್ಪನ ಮೂರರಲ್ಲಿ ಮಾತ್ರ ಮೂವರಿಗೂ ಒಂದೊಂದು. ಅಂದರೆ ಅಣ್ಣನಿಗೆ ನಾಲ್ಕು, ನಮಗೆ ಒಂದೊಂದು ಎಕರೆ. ಆ ಒಂದು ಎಕರೆಗೇ ನಮ್ಮ ಸಹಿ ಬೇಕಾಗಿದ್ದದ್ದು.

ಅಕ್ಕನ ಗಂಡ 1999ರಲ್ಲಿ ತೀರಿಕೊಂಡರು. ಆ ಮನೆಯಲ್ಲಿ ಇದ್ದದ್ದು ಸಾಲ. ಅಣ್ಣ ಕೆಟ್ಟವನಲ್ಲ, ಅವನ ಮೇಲೆ ದೂರು ಹೇಳಲು ನಾನಿಲ್ಲಿ ಬಂದಿಲ್ಲ. ಪ್ರತಿ ಸುಗ್ಗಿಗೆ ರಾಗಿ, ಭತ್ತ ಕಳಿಸಿದ. ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸಲಿಲ್ಲ. ಆದರೆ ಅಕ್ಕನಿಗೆ ಬೀಜ, ಗೊಬ್ಬರಕ್ಕೆ ಸೊಸೈಟಿಯಲ್ಲಿ ಸಾಲ ಹುಟ್ಟಲಿಲ್ಲ. ಪಹಣಿಯಲ್ಲಿ ಹೆಸರಿಲ್ಲವಲ್ಲ. ಮೂವತ್ತು ವರ್ಷ ಬೇರೆಯವರ ಗದ್ದೆಯಲ್ಲಿ ನಾಟಿ ಹಾಕಿದಳು. ಅಣ್ಣ ಕಳಿಸಿದ ಮೂಟೆ ಇಳಿಸಿಕೊಳ್ಳುವಾಗ ಅವಳ ಮುಖ ನೋಡಿದ್ದೇನೆ. ತನ್ನ ಹೊಲದ ರಾಗಿಯನ್ನು ತಾನೇ ಉಪಕಾರ ಅಂತ ಇಳಿಸಿಕೊಳ್ಳುವ ಮುಖ ಅದು.

ಆಮೇಲೆ ಕಾನೂನು ಓಡಿತು. ಕರ್ನಾಟಕ ತನ್ನದೇ ತಿದ್ದುಪಡಿ ಮಾಡಿ, 1994ರ ಜುಲೈ 30ರಿಂದ ಮಗಳಿಗೂ ಹುಟ್ಟಿನಿಂದ ಹಕ್ಕು ಎಂದಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ. 2005ರ ಸೆಪ್ಟೆಂಬರ್ 9ರಿಂದ ದೇಶದ ಕಾನೂನೇ ಬದಲಾಯಿತು. ಮದುವೆಯಾಗಿರಲಿ ಬಿಡಲಿ, ಮಗಳು ಮಗನಷ್ಟೇ. ಅದಕ್ಕೂ ತಕರಾರು ತೆಗೆದರು, ಅಪ್ಪ ಆ ದಿನ ಬದುಕಿರಬೇಕಿತ್ತು ಅಂತ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಕ್ಕು ಬರುವುದು ಹುಟ್ಟಿನಿಂದ, ಅಪ್ಪ ಬದುಕಿರಬೇಕೆಂಬ ನಿಯಮವಿಲ್ಲ ಎಂದು ತೀರ್ಮಾನ ಹೇಳಿತು. ಇಂದಿನ ಲೆಕ್ಕದಲ್ಲಿ ನಮ್ಮ ಆರು ಎಕರೆ ಎರಡು, ಎರಡು, ಎರಡು. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ಮುಗಿದುಹೋದ ಪಾಲು, ಪರಭಾರೆಗಳನ್ನು ಈ ಕಾನೂನು ಕೆದಕುವುದಿಲ್ಲ. ಅಕ್ಕನ ಸಹಿ ಅದಕ್ಕೂ ಹದಿಮೂರು ವರ್ಷ ಹಳೆಯದು.

ಆ ತೀರ್ಪು ಬಂದ ಎರಡೇ ದಿನಕ್ಕೆ, 2020ರ ಆಗಸ್ಟ್ 13ರಂದು, ಟ್ಯುನೀಷಿಯಾದಲ್ಲಿ ಮಹಿಳಾ ದಿನ. ಅಲ್ಲಿ ಎರಡು ವರ್ಷದ ಹಿಂದೆ ಅಧ್ಯಕ್ಷ ಎಸೆಬ್ಸಿ ಅಣ್ಣ ತಂಗಿಗೆ ಸಮಪಾಲು ಕೊಡುವ ಮಸೂದೆ ತರುತ್ತೇನೆಂದು ಘೋಷಿಸಿದ್ದರು. ಬೇಡವೆನ್ನುವ ಕುಟುಂಬ ಹಳೆಯ ಪದ್ಧತಿಯಲ್ಲೇ ಹಂಚಿಕೊಳ್ಳಲು ಅದರಲ್ಲಿ ಅವಕಾಶವೂ ಇತ್ತು. ಸಂಪುಟ ಒಪ್ಪಿತು, ಸಂಸತ್ತಿನಲ್ಲಿ ನಿಂತುಹೋಯಿತು. 2019ರ ಜುಲೈನಲ್ಲಿ ಎಸೆಬ್ಸಿ ತೀರಿಕೊಂಡರು. ಹೊಸ ಅಧ್ಯಕ್ಷ ಕೈಸ್ ಸಯೀದ್ ಆ ಮಹಿಳಾ ದಿನದಂದೇ, ಧರ್ಮಗ್ರಂಥದ ಮಾತು ಸ್ಪಷ್ಟವಾಗಿದೆ, ಇದರಲ್ಲಿ ವ್ಯಾಖ್ಯಾನಕ್ಕೆ ಜಾಗವಿಲ್ಲ ಎಂದುಬಿಟ್ಟರು. ಇನ್ನೂ ಒಂದು ಮಾತು: 2018ರ ನಗರಸಭೆ ಚುನಾವಣೆಯಲ್ಲಿ ಅಲ್ಲಿ ಗೆದ್ದವರಲ್ಲಿ ಅರ್ಧಕ್ಕೆ ಹತ್ತಿರ ಹೆಂಗಸರು, ರಾಜಧಾನಿಗೆ ಹೆಣ್ಣುಮಗಳೇ ಮೇಯರ್. 2022ರ ಚುನಾವಣಾ ಕಾನೂನು ಆ ಸಮಾನತೆಯ ನಿಯಮವನ್ನೇ ತೆಗೆದುಹಾಕಿತು. ಮುಂದೆ ಹೋದದ್ದು ಹಿಂದಕ್ಕೂ ಬರುತ್ತದೆ.

ಹಾಗಾದರೆ ನಾವು ಗೆದ್ದೆವೇ? ಅಲ್ಲಿ ಕಾನೂನು ಅರ್ಧಕ್ಕೆ ನಿಂತಿತು. ಆ ಅರ್ಧವನ್ನೂ ಅಲ್ಲಿನ ಹಳ್ಳಿಗಳಲ್ಲಿ ಅಣ್ಣಂದಿರಿಗೆ ಬಿಟ್ಟುಕೊಡುವ ತಂಗಿಯರಿದ್ದಾರೆ. ಇಲ್ಲಿ ಕಾನೂನು ಪೂರ್ತಿ ಕೊಟ್ಟಿತು, ನಮ್ಮ ತಂಗಿಯರು ಪೂರ್ತಿ ಬಿಟ್ಟುಕೊಡುತ್ತಿದ್ದಾರೆ. 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿರುವುದು ನೂರಕ್ಕೆ ಸುಮಾರು ಹದಿನಾಲ್ಕು. ಕಳೆ ಕೀಳುವವರಲ್ಲಿ, ನಾಟಿ ಹಾಕುವವರಲ್ಲಿ ನೂರಕ್ಕೆ ಎಷ್ಟು ಎಂದು ನಾನು ಹೇಳಬೇಕಾಗಿಲ್ಲ, ನಿಮ್ಮ ಸೊಂಟ ಹೇಳುತ್ತದೆ.

ಯಾಕೆ ಬಿಟ್ಟುಕೊಡುತ್ತೇವೆ? ತವರು ಮುಚ್ಚಿಹೋಗುತ್ತದೆ ಎಂಬ ಭಯ. ಪಾಲು ಕೇಳಿದವಳಿಗೆ ಬಾಗಿನ ಬರುವುದಿಲ್ಲ, ಮಗಳ ಬಾಣಂತನಕ್ಕೆ ಅತ್ತಿಗೆ ಬರುವುದಿಲ್ಲ. ಈ ಭಯ ಸುಳ್ಳಲ್ಲ. ಕೋರ್ಟಿಗೆ ಹೋದ ಅಕ್ಕತಂಗಿಯರ ಜೊತೆ ಅಣ್ಣತಮ್ಮಂದಿರು ಸಾವಿನ ಮನೆಯಲ್ಲೂ ಮಾತಾಡದಿರುವುದನ್ನು ನಾನು ಕಂಡಿದ್ದೇನೆ. ಅದಕ್ಕೇ 'ಹೋಗಿ ಕೇಸು ಹಾಕಿ' ಎಂದು ನಾನು ಯಾರಿಗೂ ಸುಲಭವಾಗಿ ಹೇಳುವುದಿಲ್ಲ. ವರದಕ್ಷಿಣೆ ಕೊಟ್ಟಿಲ್ಲವೇ, ಅದೇ ಪಾಲು ಎನ್ನುತ್ತಾರೆ ಗಂಡಸರು. ವರದಕ್ಷಿಣೆ ಹೋದದ್ದು ಬೀಗರ ಕೈಗೆ, ಮಗಳ ಕೈಗಲ್ಲ.

ಇನ್ನೊಂದು ಮಾತನ್ನು ಹೇಳಲು ನಾಲಗೆ ಏಳುವುದಿಲ್ಲ. 2023ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರ ಇಟ್ಟುಕೊಂಡು ಗರ್ಭದ ಮಗು ಹೆಣ್ಣೋ ಗಂಡೋ ನೋಡುತ್ತಿದ್ದರು ಎಂಬ ಸುದ್ದಿ ದೇಶವೆಲ್ಲ ಓಡಾಡಿತು. ಬೆಲ್ಲ ಕಾಯಿಸುವ ಜಾಗ ಅದು. ಪಾಲು ಕೇಳುವ ಮಗಳು ಬೇಡ ಎಂಬುದೂ ಆ ಪಾಪದ ಒಂದು ಬೇರು ಎಂದು ನನಗೆ ಅನ್ನಿಸುತ್ತದೆ. ಹೊಸ ಹಕ್ಕು ಕೊಟ್ಟ ಮಾತ್ರಕ್ಕೆ ಹಳೆಯ ಮನಸ್ಸು ಸುಮ್ಮನಿರುವುದಿಲ್ಲ.

ಮಠದ ಆವರಣದಲ್ಲಿ ನಿಂತು ಪೂಜ್ಯರ ಮುಂದೆ ಒಂದು ಅರಿಕೆ ಮಾಡುತ್ತೇನೆ. ಮೂವತ್ತಕ್ಕೂ ಹೆಚ್ಚು ಶರಣೆಯರು ವಚನ ಬರೆದ ಪರಂಪರೆ ನಮ್ಮದು ಎಂದು ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಗಂಡ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸ್ ಸುರಿದು ಬಾ ಎಂದ ಲಕ್ಕಮ್ಮನ ಕಥೆಯನ್ನು ಮಕ್ಕಳಿಂದ ನಾಟಕ ಆಡಿಸುತ್ತೇವೆ. ಆದರೆ ಮನೆ ಪಾಲಿನ ಪಂಚಾಯಿತಿ ಮಠಕ್ಕೆ ಬಂದಾಗ ಜಮಖಾನದ ಮೇಲೆ ಕೂರುವವರು ಅಣ್ಣತಮ್ಮಂದಿರು ಮಾತ್ರ. ಸಿರಿಗೆರೆಯ ಸದ್ಧರ್ಮ ನ್ಯಾಯಪೀಠದ ಮುಂದೆ ಎಷ್ಟೋ ವ್ಯಾಜ್ಯಗಳು ಕೋರ್ಟಿನ ಖರ್ಚಿಲ್ಲದೆ ತೀರುತ್ತವೆ. ಮಠದ ಮಾತಿಗೆ ಜನ ಬೆಲೆ ಕೊಡುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮ ಕಡೆಯ ಮಠಗಳಲ್ಲಿ ಪಾಲಿನ ಮಾತು ಎತ್ತುವ ಮೊದಲು ಪೂಜ್ಯರು ಒಂದೇ ಒಂದು ಪ್ರಶ್ನೆ ಕೇಳಲಿ: 'ಹೆಣ್ಣುಮಕ್ಕಳು ಎಲ್ಲಿ? ಅವರೂ ಬರಲಿ, ಆಮೇಲೆ ಶುರುಮಾಡೋಣ.' ತಂಗಿ ತಾನೇ ಕೇಳಿದರೆ ತವರು ಮುಚ್ಚುತ್ತದೆ. ಗುರುಗಳು ಕೇಳಿದರೆ ಯಾರ ಮನೆಯ ಬಾಗಿಲೂ ಮುಚ್ಚುವುದಿಲ್ಲ.

ತಾಯಂದಿರೇ, ನಿಮಗೆ ಹೇಳುವುದು ಇಷ್ಟು. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ವಂಶವೃಕ್ಷ ಕೊಡುತ್ತಾರೆ. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸುವುದುಂಟು. ನಾಡಕಚೇರಿಗೆ ಹೋಗಿ ನಿಮ್ಮ ಹೆಸರಿದೆಯೇ ನೋಡಿ. ಬಿಟ್ಟುಕೊಡುವುದಾದರೂ ಓದಿ ಬಿಟ್ಟುಕೊಡಿ. ಅಪ್ಪ ಸ್ವಂತ ದುಡಿದ ಆಸ್ತಿಯನ್ನು ಉಯಿಲು ಮಾಡಿ ಯಾರಿಗಾದರೂ ಕೊಡಬಹುದು, ಪಿತ್ರಾರ್ಜಿತದಲ್ಲಿ ಮಗಳ ಪಾಲನ್ನು ಹಾಗೆ ಕೊಟ್ಟುಬಿಡಲಾಗದು. ಈ ವ್ಯತ್ಯಾಸ ಗೊತ್ತಿರಲಿ.

ಎರಡು ವರ್ಷದ ಹಿಂದೆ ಅಣ್ಣ ತನ್ನ ಮಗನಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಪಾಲು ಮಾಡಲು ಕೂತ. ನನ್ನನ್ನು ಕರೆಸಿದ. ಪತ್ರದ ಕರಡನ್ನು ನನ್ನ ಕೈಗಿಟ್ಟು, 'ಈ ಸಲ ಓದವ್ವ' ಅಂದ. ಮೂವರ ಹೆಸರೂ ಇತ್ತು, ಗುಂಟೆ ಗುಂಟೆ ಸರಿಯಾಗಿತ್ತು. ಅಕ್ಕನ ಹೆಸರು ಇರಲಿಲ್ಲ. ಅಕ್ಕ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು, ಎಪ್ಪತ್ತು ದಾಟಿದವಳು. ನಾನು ಅವಳ ಮುಖ ನೋಡಿದೆ. 'ಜೋರಾಗಿ ಓದು, ಹುಡುಗೀರಿಗೂ ಕೇಳ್ಲಿ' ಅಂದಳು. ಓದಿದೆ.