ಹಬ್ಬದ ಖರೀದಿ, ಮೊಬೈಲಿನ ಮೋಸ: ಎರಡನೇ ಸಹಿ ಇರಲಿ

(ಸಿಗಂದೂರು ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿಯ ಸಾರಾಂಶ)



ದಸರಾ, ದೀಪಾವಳಿ ಬಂತೆಂದರೆ ಖರ್ಚಿನ ಕಾಲ. ಅದು ಮುಗಿಯುವಷ್ಟರಲ್ಲಿ ಕ್ರಿಸ್ಮಸ್, ಆಮೇಲೆ ಸಂಕ್ರಾಂತಿಗೆ ಸಿಗಂದೂರು ಜಾತ್ರೆ. ಮೊದಲೆಲ್ಲ ಮಕ್ಕಳಿಗೆ ಬಟ್ಟೆ ತರಬೇಕಾದರೆ ಲಾಂಚ್ ಹತ್ತಿ ಹಿನ್ನೀರು ದಾಟಿ ಸಾಗರದ ಪೇಟೆಗೆ ಹೋಗಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿ ದಾರಿ ಸುಲಭವಾಯಿತು. ಆದರೆ ಸೇತುವೆಗಿಂತ ಮೊದಲೇ ಪೇಟೆ ಮೊಬೈಲಿನಲ್ಲಿ ನಮ್ಮ ಮನೆಯೊಳಗೆ ಬಂದು ಕೂತಿದೆ. ಪೇಟೆ ಬಂದ ಕಡೆ ಕಳ್ಳನೂ ಬರ್ತಾನೆ.

ಇವತ್ತು ನಾನು ಮುಖ್ಯವಾಗಿ ಹೇಳುವುದು ಒಂದೇ ಮಾತು. ಸಂಘದ ಖಾತೆಯಿಂದ ಹಣ ತೆಗೆಯಲು ಒಬ್ಬರ ಸಹಿ ಸಾಕಾಗುವುದಿಲ್ಲ, ಇಬ್ಬರು ಪ್ರತಿನಿಧಿಗಳ ಸಹಿ ಬೇಕು. ಇದನ್ನು ಯಾರೂ ಅಪನಂಬಿಕೆ ಅಂತ ತಿಳ್ಕೊಳ್ಳೋದಿಲ್ಲ, ಎಲ್ಲರ ದುಡ್ಡಿನ ರಕ್ಷಣೆ ಅಂತ ಒಪ್ಪಿದ್ದೇವೆ. ಆದರೆ ನಮ್ಮ ಫೋನ್‌ಪೇ, ಗೂಗಲ್‌ಪೇಗೆ ಒಂದೇ ಸಹಿ, ಅದೇ ಪಿನ್. ಕಳ್ಳನಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವನು ಅವಸರ ಮಾಡುತ್ತಾನೆ, ಯಾರನ್ನೂ ಕೇಳಲು ಬಿಡುವುದಿಲ್ಲ.

ಮೋಸ ಹೇಗೆ ನಡೆಯುತ್ತದೆ?

1. ಹಬ್ಬದ ಆಫರ್: ಸಾವಿರಾರು ರೂಪಾಯಿಯ ಸೀರೆ ಐನೂರಕ್ಕೆ, ಇವತ್ತು ಒಂದೇ ದಿನ ಅಂತ ಫೇಸ್‌ಬುಕ್, ವಾಟ್ಸಾಪ್‌ನಲ್ಲಿ ಚಿತ್ರ ಬರುತ್ತದೆ. ಒತ್ತಿದರೆ ದೊಡ್ಡ ಕಂಪನಿಯದೇ ಹೆಸರು, ಅದೇ ಬಣ್ಣ. ಆದರೆ ವಿಳಾಸದಲ್ಲಿ ಒಂದೆರಡು ಅಕ್ಷರ ಬೇರೆ. ಹಣ ಹೋಗುತ್ತದೆ, ಸೀರೆ ಬರುವುದಿಲ್ಲ. ಬಂದ ಲಿಂಕ್ ಒತ್ತಬೇಡಿ. ಬೇಕಾದರೆ ಆ ಕಂಪನಿಯ ಆ್ಯಪ್‌ನಲ್ಲೇ ಹುಡುಕಿ.

2. ಪಾರ್ಸೆಲ್ ಹೆಸರಿನಲ್ಲಿ: "ನಿಮ್ಮ ವಿಳಾಸ ಸರಿಯಿಲ್ಲ, ಐದು ರೂಪಾಯಿ ಕಟ್ಟಿ" ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಸಂದೇಶ ಬರುತ್ತದೆ. ಐದು ರೂಪಾಯಿ ನೆಪ, ಅವರಿಗೆ ಬೇಕಾದ್ದು ನಿಮ್ಮ ಕಾರ್ಡಿನ ವಿವರ. ಇನ್ನೊಬ್ಬ, "ನೀವು ಆರ್ಡರ್ ಮಾಡಿಲ್ವಾ ಅಕ್ಕಾ? ಕ್ಯಾನ್ಸಲ್ ಮಾಡ್ತೀನಿ, ಓಟಿಪಿ ಹೇಳಿ" ಅಂತಾನೆ. ಬೇಡದ್ದನ್ನು ಬೇಡ ಎನ್ನಲು ಓಟಿಪಿ ಬೇಕಿಲ್ಲ.

3. ನಾವು ಮಾರುವಾಗ: ನಮ್ಮಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವವರು ಬಹಳ ಇದ್ದೀರಿ. "ಹತ್ತು ಕೆ.ಜಿ. ಬೇಕು, ಈಗಲೇ ಹಣ ಹಾಕ್ತೀನಿ" ಎಂದು ಒಬ್ಬ ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತಾನೆ. ನೆನಪಿಡಿ: ಪಿನ್ ಹಾಕುವುದು ಹಣ ಕೊಡಲಿಕ್ಕೆ, ಪಡೆಯಲಿಕ್ಕೆ ಅಲ್ಲ. ಇನ್ನೊಬ್ಬ, "ತಪ್ಪಿ ಹತ್ತು ಸಾವಿರ ಹೆಚ್ಚು ಹಾಕಿದೆ, ವಾಪಸ್ ಕಳ್ಸಿ" ಎಂದು ಅಳುತ್ತಾನೆ. ಬಂದಿರುವುದು ಸುಳ್ಳು ಮೆಸೇಜ್. ಮೊದಲು ಖಾತೆಯಲ್ಲಿ ಬಾಕಿ ನೋಡಿ. ಒಬ್ಬರಿಂದ ಇನ್ನೊಬ್ಬರಿಗೆ "ಹಣ ಕೊಡಿ" ಎಂಬ ಕೋರಿಕೆ ಕಳಿಸುವ ಸೌಲಭ್ಯವನ್ನು ಯುಪಿಐನಲ್ಲಿ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ, ಆದರೆ ಕ್ಯೂಆರ್ ಮೋಸ ನಿಂತಿಲ್ಲ.

4. ಆ್ಯಪ್ ಫೈಲ್: ಮದುವೆ ಕರೆಯೋಲೆ, ಗಾಡಿಯ ದಂಡ, ಸರ್ಕಾರಿ ಯೋಜನೆಯ ಪಟ್ಟಿ ಎಂಬ ಹೆಸರಿನಲ್ಲಿ ವಾಟ್ಸಾಪ್‌ಗೆ ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ "ಎಪಿಕೆ" ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಮುಟ್ಟಬೇಡಿ. ಅದು ಫೋನಿನೊಳಗೆ ಕೂತು ನಿಮ್ಮ ಓಟಿಪಿಗಳನ್ನು ಓದಬಲ್ಲದು.

5. ಯಾತ್ರೆ ಮತ್ತು ವಸತಿ: ಯಾತ್ರಾಸ್ಥಳಗಳ ವಸತಿ, ಸೇವೆಯ ಹೆಸರಿನಲ್ಲಿ ನಕಲಿ ಬುಕಿಂಗ್ ತಾಣಗಳಿವೆ ಎಂದು ಕೇಂದ್ರದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು. ನಿಮ್ಮ ನೆಂಟರು ಮೊಬೈಲಿನಲ್ಲಿ ರೂಮಿಗೆ ಮುಂಗಡ ಕೊಡುವ ಮೊದಲು ನಿಮ್ಮನ್ನು ಕೇಳಲಿ.

6. ಸುಳ್ಳು ಪೊಲೀಸ್: "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ" ಎಂದು ವಿಡಿಯೊ ಕರೆಯಲ್ಲಿ ಹೆದರಿಸುತ್ತಾರೆ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರು ನಮ್ಮ ವಿಜಯಪುರದ ಒಬ್ಬರಿಗೆ ಬಂದಿದ್ದ ಸುಳ್ಳು ಪೊಲೀಸ್ ಕರೆಯನ್ನು ಕೇಳಿಸಿ, ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲೇ ಇಲ್ಲ ಎಂದು ಹೇಳಿದ್ದರು. ಅಂಥ ಕರೆ ಬಂದರೆ ಇಟ್ಟುಬಿಡಿ.

ಹಣ ಹೋದರೆ ಏನು ಮಾಡಬೇಕು?

ತಕ್ಷಣ 1930ಕ್ಕೆ ಕರೆ ಮಾಡಿ. ಇದು ಇಡೀ ದೇಶಕ್ಕೆ ಒಂದೇ ಸಹಾಯವಾಣಿ. ಎಷ್ಟು ಹಣ, ಯಾವ ಬ್ಯಾಂಕು, ವ್ಯವಹಾರದ ನಂಬರ್ ಏನು ಎಂದು ಹೇಳಿ. ಕಳ್ಳರು ಹಣವನ್ನು ಸ್ವಲ್ಪ ಹೊತ್ತಿನಲ್ಲೇ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾರೆ. ದಾಟುವ ಮೊದಲೇ ತಡೆದರೆ ವಾಪಸ್ ಸಿಗುವ ಆಸೆ ಉಂಟು. ನಂತರ ಬ್ಯಾಂಕಿಗೆ ತಿಳಿಸಿ, ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಶಿವಮೊಗ್ಗದ ಸಿ.ಇ.ಎನ್. ಠಾಣೆಗೆ ದೂರು ಕೊಡಿ. ಪಿನ್ ಅನ್ನು ನಾವೇ ಹೇಳಿಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ಒಂದೊಂದು ಗಂಟೆಗೂ ಬೆಲೆ ಇದೆ.

ಆದರೆ ನಮ್ಮ ಹೆಂಗಸರು ಏನು ಮಾಡ್ತಾರೆ? ಮನೆಯಲ್ಲಿ ಬೈತಾರೆ, ಊರಲ್ಲಿ ನಗ್ತಾರೆ ಅಂತ ಸುಮ್ಮನಿರ್ತಾರೆ. ಹಬ್ಬಕ್ಕೆ ಸಂಘದಿಂದ ತೆಗೆದ ಸಾಲವೇ ಹೋಗಿದ್ದರೆ ಸೀರೆಯೂ ಇಲ್ಲ, ಕಂತೂ ತಪ್ಪುವುದಿಲ್ಲ. ಮೊದಲು ಕಂತು ನಿಲ್ಲುತ್ತದೆ, ಆಮೇಲೆ ಅವಳು ವಾರದ ಸಭೆಗೆ ಬರುವುದೂ ನಿಲ್ಲುತ್ತದೆ. ದುಡ್ಡಿನ ಜೊತೆ ಒಬ್ಬ ಸದಸ್ಯೆಯನ್ನೂ ಕಳ್ಳ ಕದ್ದ ಹಾಗಾಯಿತು. ಆದ್ದರಿಂದ ಮೋಸ ಹೋದವಳನ್ನು ಯಾರೂ ಬೈಯಬೇಡಿ. ಜೊತೆಗೆ ಕೂತು 1930ಕ್ಕೆ ಫೋನ್ ಹಚ್ಚಿ ಕೊಡಿ.

ಮುಂದಿನ ಸಭೆಯಲ್ಲಿ ನಿರ್ಣಯ ಪುಸ್ತಕದಲ್ಲಿ ಈ ಮೂರು ವಿಷಯ ಬರೆದುಕೊಳ್ಳಿ:

• ಗೊತ್ತಿಲ್ಲದವರಿಗೆ ಹಣ ಕಳಿಸುವ ಮೊದಲು ಸಂಘದ ಇನ್ನೊಬ್ಬ ಸದಸ್ಯೆಯನ್ನು ಕೇಳುವುದು. ಅದೇ ನಮ್ಮ ಎರಡನೇ ಸಹಿ.
• ಕಮಿಷನ್ ಆಸೆಗೆ ಪಾಸ್‌ಬುಕ್, ಸಿಮ್ ಯಾರಿಗೂ ಕೊಡದಿರುವುದು. ಕದ್ದ ಹಣ ನಮ್ಮ ಖಾತೆಗೆ ಬಂದರೆ ಪೊಲೀಸರು ನಮ್ಮ ಮನೆಗೇ ಬರುತ್ತಾರೆ.
• ಪ್ರತಿಯೊಬ್ಬರ ಉಳಿತಾಯ ಪುಸ್ತಕದ ಹಿಂದೆ 1930 ಎಂದು ದೊಡ್ಡದಾಗಿ ಬರೆಯುವುದು.

ವಾರಕ್ಕಿಷ್ಟು ಅಂತ ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಇದು. ಅದನ್ನು ಒಬ್ಬರೇ ಕೂಡಿಸಲಿಲ್ಲ, ಒಬ್ಬರೇ ಕಾಯಬೇಕಾಗಿಯೂ ಇಲ್ಲ.