ದೆವ್ವದ ಆಟ ಮತ್ತು ನಮ್ಮೂರ ಹುಣಸೆಮರ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ಪರೀಕ್ಷೆ, ಶಿಷ್ಯವೇತನ, ನೌಕರಿಗಳ ಬಗ್ಗೆ ಮಾತನಾಡುವುದು ರೂಢಿ. ನಾನು ಇಂದು ದೆವ್ವಗಳ ಬಗ್ಗೆ ಮಾತನಾಡಬೇಕೆಂದಿದ್ದೇನೆ. ನಗಬೇಡಿ. ಮಾತು ಕೊನೆಗೆ ಶಿಕ್ಷಣಕ್ಕೇ ಬಂದು ಮುಟ್ಟುತ್ತದೆ.

ಕಳೆದ ರಜೆಯಲ್ಲಿ ನನ್ನ ತಂಗಿಯ ಮಗ ರಾತ್ರಿ ದೀಪ ಆರಿಸಿ ಕಂಪ್ಯೂಟರ್ ಮುಂದೆ ಕುಳಿತಿದ್ದ. ಪರದೆಯ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ, ತಲೆಯ ಮೇಲೆ ಗಂಟು ಕಟ್ಟಿದ ಒಂದು ಆಕೃತಿ ಕಾಣಿಸಿತು. "ಮಾಮು, ಇದು ಕಫನ್ ಅಲ್ಲವೇ?" ಎಂದು ಆತ ಹೆದರಿ ಕೇಳಿದ. ನಾನು ಪಕ್ಕದಲ್ಲಿ ಕುಳಿತೆ. ಬೈಯುವ ಮೊದಲು ಅದೇನೆಂದು ತಿಳಿದುಕೊಳ್ಳೋಣ ಎನಿಸಿತು.

ಆಟದ ಹೆಸರು 'ಡ್ರೆಡ್‌ಔಟ್'. ಇದನ್ನು ಮಾಡಿದವರು ಇಂಡೋನೇಷ್ಯಾದ ಬಾಂಡುಂಗ್ ನಗರದ 'ಡಿಜಿಟಲ್ ಹ್ಯಾಪಿನೆಸ್' ಎಂಬ ಸಣ್ಣ ತಂಡದವರು. 2013ರಲ್ಲಿ ಅವರು ಅಂತರ್ಜಾಲದ ಮೂಲಕ ಜನರ ಮುಂದೆ ಕೈಚಾಚಿ 25 ಸಾವಿರ ಡಾಲರ್ ಕೇಳಿದರು. ಸುಮಾರು 29 ಸಾವಿರ ಬಂತು. 2014ರಲ್ಲಿ ಆಟ ಹೊರಬಂದಿತು, 2019ರಲ್ಲಿ ಅದೇ ಹೆಸರಿನ ಚಲನಚಿತ್ರ, 2020ರಲ್ಲಿ ಆಟದ ಎರಡನೆಯ ಭಾಗ ಬಂದವು. ಅಮೆರಿಕದ, ಜಪಾನಿನ ದೆವ್ವಗಳನ್ನು ಸಾಲ ತರದೆ ತಮ್ಮ ಅಜ್ಜಿಯಂದಿರು ಹೇಳಿದ ದೆವ್ವಗಳನ್ನೇ ಅವರು ಜಗತ್ತಿಗೆ ಮಾರಿದರು.

ಕಥಾನಾಯಕಿ ಲಿಂಡಾ ಒಬ್ಬ ಹೈಸ್ಕೂಲ್ ಹುಡುಗಿ. ಗೆಳೆಯರು ಹಾಗೂ ಶಿಕ್ಷಕಿಯೊಂದಿಗೆ ಪ್ರವಾಸ ಹೊರಟವಳು ದಾರಿ ತಪ್ಪಿ ಹಾಳುಬಿದ್ದ ಊರಿಗೆ ಬರುತ್ತಾಳೆ. ಅವಳ ಕೈಯಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ. ಇರುವುದು ಮೊಬೈಲ್ ಕ್ಯಾಮೆರಾ. ದೆವ್ವ ಎದುರು ಬಂದಾಗ ಓಡಿದರೆ ಸಾಲದು; ಕ್ಯಾಮೆರಾ ಎತ್ತಿ ನೇರವಾಗಿ ನೋಡಿ ಚಿತ್ರ ತೆಗೆಯಬೇಕು. ಆಗಲೇ ಅದು ಹಿಮ್ಮೆಟ್ಟುತ್ತದೆ. ಸೋತರೆ ಲಿಂಡಾ ಕಗ್ಗತ್ತಲಿನಲ್ಲಿ ದೂರದ ಒಂದು ಬೆಳಕಿನ ಕಡೆಗೆ ಓಡಬೇಕು. ಪ್ರತಿ ಸಲ ಸೋತಾಗಲೂ ಆ ಬೆಳಕು ಇನ್ನಷ್ಟು ದೂರ ಹೋಗುತ್ತದೆ.

ನನ್ನ ಅಳಿಯ ಕಂಡ ಆ ಬಿಳಿ ಆಕೃತಿಯ ಹೆಸರು ಪೋಚೊಂಗ್. ನಮ್ಮಲ್ಲಿಯಂತೆ ಅಲ್ಲಿಯೂ ಮಯ್ಯತ್ತನ್ನು ಕಬರಿಗೆ ಇಳಿಸಿದ ಮೇಲೆ ಕಫನಿನ ಗಂಟುಗಳನ್ನು ಸಡಿಲಿಸುತ್ತಾರೆ. ಯಾರಾದರೂ ಮರೆತರೆ ಸತ್ತವರು "ಗಂಟು ಬಿಚ್ಚಿ" ಎಂದು ಕೇಳುತ್ತ ಕುಪ್ಪಳಿಸಿ ಬರುತ್ತಾರೆ ಎಂಬುದು ಜನರ ಕಥೆ. ಗಂಟು ಬಿಚ್ಚುವುದು ದಫನದ ಪದ್ಧತಿ, ಕುಪ್ಪಳಿಸುವುದು ಜನಪದರ ಕಲ್ಪನೆ. ಎರಡನ್ನೂ ಬೇರೆಯಾಗಿ ತಿಳಿಯಿರಿ. ಸತ್ತವರ ಕೊನೆಯ ಕೆಲಸದಲ್ಲಿ ನಾವೇನಾದರೂ ಮರೆತೆವೇ ಎಂಬ ಬದುಕಿದ್ದವರ ಅಳುಕು ಆ ಕಥೆಯಲ್ಲಿದೆ.

ಬಾಂಡುಂಗ್‌ನ ಇನ್ನೊಂದು ತಂಡ 2018ರಲ್ಲಿ 'ಪಮಾಲಿ' ಎಂಬ ಆಟ ಮಾಡಿತು. ಪಮಾಲಿ ಎಂದರೆ ಮಾಡಬಾರದ್ದು, ನಿಷಿದ್ಧ. ಅದರ ಮೊದಲ ಕಥೆಯಲ್ಲಿ ಒಬ್ಬಾತ ಹಳೆಯ ಮನೆಯನ್ನು ಮಾರಲೆಂದು ಗುಡಿಸಿ ಸ್ವಚ್ಛಮಾಡಲು ಬರುತ್ತಾನೆ. ಅಲ್ಲಿ ಎದುರಾಗುವವಳು ಕುಂತಿಲಾನಕ್. ಬಿಳಿ ಉಡುಪು, ಬಿಚ್ಚಿದ ಕೂದಲು. ಬಸುರಿಯಾಗಿದ್ದಾಗ ಅಥವಾ ಹೆರಿಗೆಯಲ್ಲಿ ಸತ್ತ ಹೆಂಗಸು ಕುಂತಿಲಾನಕ್ ಆಗುತ್ತಾಳೆಂದು ಅಲ್ಲಿನ ಜನ ಹೇಳುತ್ತಾರೆ.

ಇದನ್ನು ಕೇಳಿದಾಗ ನಿಮಗೆ ಪರಿಚಿತ ಮುಖ ನೆನಪಾಗಲಿಲ್ಲವೇ? ನಮ್ಮ ಗಡಿಭಾಗದಲ್ಲಿ ಕನ್ನಡದವರು ಬಾಣಂತಿ ದೆವ್ವ ಎನ್ನುತ್ತಾರೆ, ಮರಾಠಿಯವರು ಹಡಳ ಎನ್ನುತ್ತಾರೆ, ನಮ್ಮ ಮನೆಗಳಲ್ಲಿ ಚುಡೈಲ್ ಎನ್ನುತ್ತೇವೆ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ರಾತ್ರಿ ಬಂದ ಹೆಣ್ಣು ದೆವ್ವ ಅದನ್ನು ಓದಿ ಮರಳಿ ಹೋಗುತ್ತದಂತೆ! ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು. ಆ ಬಾಗಿಲ ಒಳಗಿದ್ದ ಎಷ್ಟು ತಾಯಂದಿರಿಗೆ ಬರುತ್ತಿತ್ತು?

ಈಗ ನನ್ನ ಮನೆಯ ಮಾತು ಹೇಳುತ್ತೇನೆ. ರಾಯಬಾಗ ತಾಲೂಕಿನ ನಮ್ಮ ಹಳ್ಳಿಯ ಹೊರಗೆ, ಕಬ್ಬಿನ ಹೊಲದ ಅಂಚಿಗೆ ಒಂದು ಹುಣಸೆಮರವಿತ್ತು. ಸಂಜೆಯಾದರೆ ಮಕ್ಕಳಾರೂ ಆ ಕಡೆ ಸುಳಿಯುತ್ತಿರಲಿಲ್ಲ. ಮರದಲ್ಲಿ ಕೂಸಿನ ತಾಯಿ ಕುಳಿತು ಅಳುತ್ತಾಳೆ ಎಂಬ ಸುದ್ದಿ. ನಾನೂ ಉಸಿರು ಬಿಗಿಹಿಡಿದು ಓಡಿದವನೇ. ಓಡಿ ಬಂದು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಅಜ್ಜಿ ಏನೂ ಹೇಳುತ್ತಿರಲಿಲ್ಲ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಅಜ್ಜಿ ನನ್ನ ಕೈ ಹಿಡಿದು ಆ ಮರದ ಕೆಳಗೆ ಕರೆದುಕೊಂಡು ಹೋದಳು. "ನೀನು ಯಾರಿಗೆ ಅಂಜುತ್ತೀ ಗೊತ್ತೇ? ಅವಳು ನನ್ನ ಮಗಳು. ನಿನ್ನ ಅತ್ತೆ," ಎಂದಳು. ನಾನು ಹುಟ್ಟುವ ಮೊದಲಿನ ಸಂಗತಿ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದ್ದರು. ಹದಿನೈದಕ್ಕೆ ಮದುವೆ. ಮೊದಲ ಹೆರಿಗೆಗೆ ತವರಿಗೆ ಬಂದವಳಿಗೆ ಎರಡು ದಿನ ನೋವು. ಕೊನೆಗೆ ಚಕ್ಕಡಿ ಹೂಡಿ ದವಾಖಾನೆಗೆ ಹೊರಟರು. ಮಳೆಗಾಲ, ಕೆಸರಿನ ದಾರಿ. ಆ ಹುಣಸೆಮರದ ಹತ್ತಿರ ಅತ್ತೆಯ ಜೀವ ಹೋಯಿತು, ಕೂಸೂ ಉಳಿಯಲಿಲ್ಲ. ವರ್ಷ ತುಂಬುವುದರೊಳಗೆ ಊರು ಅವಳನ್ನು ದೆವ್ವ ಮಾಡಿತ್ತು. ತನ್ನ ಮಗಳ ಹೆಸರು ಹೇಳಿ ಮಕ್ಕಳನ್ನು ಹೆದರಿಸುವುದನ್ನು ಅಜ್ಜಿ ಎಷ್ಟೋ ವರ್ಷ ಸುಮ್ಮನೆ ಕೇಳಿಕೊಂಡು ಬದುಕಿದಳು.

ಆ ದಿನದಿಂದ ನನಗೆ ಆ ಮರದ ಭಯ ಹೋಯಿತು. ಆದರೆ ಬೇರೊಂದು ಪ್ರಶ್ನೆ ಹಿಡಿದುಕೊಂಡಿತು. ದಾರಿ ಏಕಿರಲಿಲ್ಲ? ಹದಿನೈದಕ್ಕೆ ಮದುವೆ ಏಕೆ? ನಾಲ್ಕಕ್ಕೆ ಶಾಲೆ ಏಕೆ ಬಿಡಿಸಿದರು? ಮರದಲ್ಲಿ ದೆವ್ವ ಇದೆ ಎಂದುಬಿಟ್ಟರೆ ಈ ಪ್ರಶ್ನೆಗಳಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ಕಾಲ ಬದಲಾಗಿದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹೆಣ್ಣಿಗೆ 18 ತುಂಬದೆ ಮದುವೆ ಕೂಡದೆಂದಿತು. 2008ರಿಂದ ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡುತ್ತಿದೆ. ಆದರೂ 2018-20ರ ಸರ್ಕಾರಿ ಲೆಕ್ಕದಂತೆ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ ದೇಶದಲ್ಲಿ 97, ಕರ್ನಾಟಕದಲ್ಲಿ 69 ತಾಯಂದಿರು ತೀರಿಕೊಂಡರು. ಆ 69ರಲ್ಲಿ ಪ್ರತಿಯೊಬ್ಬಳಿಗೂ ಒಂದು ಹೆಸರಿತ್ತು.

ವಿದ್ಯಾರ್ಥಿಗಳೇ, ಈ ಆಟಗಳು ಸಣ್ಣ ಮಕ್ಕಳಿಗಲ್ಲ. ಅವುಗಳಿಗಾಗಿ ನಿದ್ದೆಗೆಟ್ಟು ಪರೀಕ್ಷೆ ಕೆಡಿಸಿಕೊಳ್ಳಲೂಬೇಡಿ. ಆದರೆ ಬಾಂಡುಂಗ್‌ನ ಯುವಕರಿಂದ ಒಂದು ವಿದ್ಯೆ ಕಲಿಯಿರಿ. ನಿಮ್ಮ ಕೈಯಲ್ಲಿಯೂ ಲಿಂಡಾಳ ಹಾಗೆ ಮೊಬೈಲ್ ಇದೆ. ಈ ರಜೆಯಲ್ಲಿ ನಿಮ್ಮ ಅಜ್ಜಿಯ ಎದುರು ಕುಳಿತು ಅವರ ಮಾತನ್ನು ಧ್ವನಿಮುದ್ರಣ ಮಾಡಿ. ಕೃಷ್ಣಾ ನದಿಯ ಮಡು, ನಿಪ್ಪಾಣಿಯ ಹಳೆಯ ತಂಬಾಕಿನ ವಖಾರಿ, ನಿಮ್ಮೂರಿನ ಹಾಳುಬಾವಿ, ಯಾವುದರ ಕಥೆಯಾದರೂ ಸರಿ; ಕನ್ನಡ, ಉರ್ದು, ಮರಾಠಿ, ಯಾವ ಭಾಷೆಯಾದರೂ ಸರಿ. ಕಥೆ ಮುಗಿದ ಮೇಲೆ ಇನ್ನೊಂದು ಮಾತು ಕೇಳಿ: "ಅಲ್ಲಿ ನಿಜವಾಗಿ ಸತ್ತವರು ಯಾರು? ಹೇಗೆ ಸತ್ತರು?" ನಾಳೆ ನಿಮ್ಮಲ್ಲೊಬ್ಬರು ಅದನ್ನು ಪುಸ್ತಕ ಮಾಡಬಹುದು, ಆಟವನ್ನೂ ಮಾಡಬಹುದು.

ಪಾಲಕರಲ್ಲಿ ನನ್ನ ವಿನಂತಿ ಒಂದೇ. ಹತ್ತನೆಯದು ಮುಗಿಸಿದ ಹುಡುಗಿಯನ್ನು ಮನೆಯಲ್ಲಿ ಕೂರಿಸಬೇಡಿ, ಕಾಲೇಜಿಗೆ ಕಳಿಸಿ. ನನ್ನ ಅತ್ತೆಯ ಹೆಸರು ಮೆಹಬೂಬಿ. ಅಜ್ಜಿ ಹೇಳಲಾರದೆ ಹೋದ ಆ ಹೆಸರನ್ನು ಇಷ್ಟು ಜನರ ಮುಂದೆ ಹೇಳಬೇಕೆಂದೇ ಈ ವಿಷಯ ಆರಿಸಿಕೊಂಡೆ.