ಕೋವಿಯಿಂದ ಕ್ಯಾಮೆರಾಕ್ಕೆ: ಘಾಟಿಯಾಚೆಯ ತೇಜಸ್ವಿ



ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವುದು ಕೊಟ್ಟಿಗೆಹಾರ. ಅಲ್ಲಿಂದ ಮುಂದೆ ಮೂಡಿಗೆರೆ. ಇಲ್ಲಿಯ ಅಡಿಕೆಗೂ ಅಲ್ಲಿಯ ಕಾಫಿಗೂ ನಡುವೆ ಇರುವುದು ಒಂದು ಘಾಟಿ ಮಾತ್ರ. ಆ ಕಾಫಿಯ ಊರಿನಲ್ಲಿ ಸುಮಾರು ನಾಲ್ಕು ದಶಕ ಬದುಕಿದವರು ಕೆ.ಪಿ. ಪೂರ್ಣಚಂದ್ರ ತೇಜಸ್ವಿ.

1938ರ ಸೆಪ್ಟೆಂಬರ್ 8ರಂದು ಕುಪ್ಪಳಿಯಲ್ಲಿ ಹುಟ್ಟಿದ ತೇಜಸ್ವಿ ಕುವೆಂಪು ಅವರ ಮಗ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದವರಿಗೆ ಅಧ್ಯಾಪಕನ ಕುರ್ಚಿ ದೂರವಿರಲಿಲ್ಲ. ಅವರು ಆರಿಸಿಕೊಂಡದ್ದು ಕೃಷಿಯನ್ನು. 1966ರಲ್ಲಿ ರಾಜೇಶ್ವರಿಯವರೊಡನೆ ಅವರ ಮದುವೆ ನಡೆದದ್ದೂ ಆಡಂಬರವಿಲ್ಲದ ಮಂತ್ರಮಾಂಗಲ್ಯದ ರೀತಿಯಲ್ಲಿ. ದೊಡ್ಡ ಮರದ ನೆರಳಿನಲ್ಲಿ ಸಣ್ಣ ಗಿಡ ಏಳುವುದು ಕಷ್ಟ. ತೇಜಸ್ವಿ ಆ ನೆರಳಿನಿಂದ ದೂರ ಹೋಗಿ ಬೇರು ಬಿಟ್ಟರು.

ಚಿತ್ರ ಬಿಡಿಸುವುದು, ಸಿತಾರ್ ನುಡಿಸುವುದು, ಮೀನು ಹಿಡಿಯುವುದು, ಸ್ಕೂಟರ್ ಬಿಚ್ಚಿ ಜೋಡಿಸುವುದು, ಕಡೆಗೆ ಕಂಪ್ಯೂಟರಿಗೆ ಕನ್ನಡ ಕಲಿಸುವ ಪ್ರಯತ್ನ! ಲೋಕದ ಕಣ್ಣಿಗೆ ಇದೆಲ್ಲ ವಿಚಿತ್ರ. ಆದರೆ ಇವೆಲ್ಲದರ ಹಿಂದೆ ಇದ್ದುದು ಒಂದೇ ಗುಣ: ಯಾವುದನ್ನೂ ಸ್ವತಃ ಮುಟ್ಟಿ ನೋಡದೆ ಒಪ್ಪದ ಹಟ.

ಹರೆಯದಲ್ಲಿ ಕೋವಿ ಹಿಡಿದು ಶಿಕಾರಿಗೆ ತಿರುಗಿದ ಕೈಗಳೇ ಮುಂದೆ ಕ್ಯಾಮೆರಾ ಹಿಡಿದವು. ಎರಡಕ್ಕೂ ಗುರಿ ಬೇಕು, ಉಸಿರು ಬಿಗಿಹಿಡಿಯಬೇಕು. ಆದರೆ ಕೋವಿಯ ಮುಂದೆ ಹಕ್ಕಿ ಮುಗಿದುಹೋಗುತ್ತದೆ. ಕ್ಯಾಮೆರಾದ ಮುಂದೆ ಅದರ ಕಥೆ ಶುರುವಾಗುತ್ತದೆ. ಅದು ಫಿಲ್ಮಿನ ಕಾಲ. ಒಂದು ಸುರುಳಿಯಲ್ಲಿ ಸಾಮಾನ್ಯವಾಗಿ 36 ಚಿತ್ರ. ತೊಳೆದು ನೋಡುವವರೆಗೆ ಸಿಕ್ಕಿತೋ ತಪ್ಪಿತೋ ತಿಳಿಯದು. ಮರೆಯಲ್ಲಿ ಸೊಳ್ಳೆ, ಜಿಗಣೆ ಕಚ್ಚಿಸಿಕೊಂಡು ಗಂಟೆಗಟ್ಟಲೆ ಕೂತರೂ ಹಕ್ಕಿ ಬರಲೇಬೇಕೆಂಬ ನಿಯಮವೇನಿಲ್ಲ. ಇಂಥ ನೋಟದ ಫಲವನ್ನು 'ಮಿಂಚುಳ್ಳಿ', 'ಹಕ್ಕಿ ಪುಕ್ಕ', 'ಕನ್ನಡ ನಾಡಿನ ಹಕ್ಕಿಗಳು' ಎಂಬ ಪುಸ್ತಕಗಳಲ್ಲಿ ಕಾಣಬಹುದು. ಹಕ್ಕಿಯನ್ನು ಗುರುತಿಸಲು ಇಂಗ್ಲಿಷ್ ಬಲ್ಲವರಾಗಿರಬೇಕೆಂಬ ಭಾವನೆಯನ್ನು ಅವು ಅಲುಗಾಡಿಸಿದವು.

1980ರ 'ಕರ್ವಾಲೊ' ಕಾದಂಬರಿ ನಿಮಗೆ ಇನ್ನೂ ಹತ್ತಿರ. ಅದರಲ್ಲಿ ಹುಡುಕುವುದು ಹಾರುವ ಓತಿಯನ್ನು. ಹಾರುವ ಓತಿಯ ಒಂದು ಜಾತಿ ಕರಾವಳಿಯ ಅಡಿಕೆ ತೋಟಗಳಲ್ಲೇ ಇದೆ. ಅದು ಪಕ್ಷಿಯಂತೆ ಹಾರುವುದಿಲ್ಲ. ಪಕ್ಕೆಲುಬುಗಳನ್ನು ಅಗಲಿಸಿದಾಗ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಇಳಿಯುತ್ತದೆ. ಕಾದಂಬರಿಯ ತಂಡದಲ್ಲಿ ವಿಜ್ಞಾನಿ ಕರ್ವಾಲೊ ಇದ್ದಾರೆ, ಕ್ಯಾಮೆರಾ ಹೊತ್ತ ಪ್ರಭಾಕರ ಇದ್ದಾನೆ. ಆದರೂ ಕಾಡಿನ ನಿಜವಾದ ಕಣ್ಣು ಹಳ್ಳಿಯ ಮಂದಣ್ಣನದು. ಊರು ದಡ್ಡನೆಂದವನಲ್ಲಿ ವಿಜ್ಞಾನಿ ತನ್ನ ಸಹೋದ್ಯೋಗಿಯನ್ನು ಕಾಣುತ್ತಾನೆ. ಕೊನೆಗೆ ಓತಿ ಪ್ರಪಾತದತ್ತ ತೇಲಿ ಕಣ್ಮರೆಯಾಗುತ್ತದೆ. ಪ್ರಕೃತಿ ಯಾರ ಮುಷ್ಟಿಗೂ ಪೂರ್ತಿ ಸಿಗುವುದಿಲ್ಲ ಎಂಬುದನ್ನು ಫಿಲ್ಮ್ ವ್ಯರ್ಥವಾದ ಛಾಯಾಗ್ರಾಹಕನಿಗಿಂತ ಚೆನ್ನಾಗಿ ಬಲ್ಲವರಾರು?

2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆ 'ನಿರುತ್ತರ'ದಲ್ಲಿ ತೇಜಸ್ವಿ ತೀರಿಕೊಂಡರು. ಕೊಟ್ಟಿಗೆಹಾರದಲ್ಲಿ ಇಂದು ಅವರ ಹೆಸರಿನ ಪ್ರತಿಷ್ಠಾನವಿದೆ. ಆದರೆ ಅವರ ಸ್ಮಾರಕ ಅಷ್ಟು ದೂರದಲ್ಲಷ್ಟೇ ಇರಬೇಕಿಲ್ಲ. ಕಾಡು ತುಂಡಾದಂತೆ, ತೋಟಕ್ಕೆ ವಿಷ ಬಿದ್ದಂತೆ ಓತಿಗಳೂ ಹಕ್ಕಿಗಳೂ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತವೆ. ನೋಡುವವರೇ ಇಲ್ಲದಿದ್ದರೆ ಅವು ಹೋದದ್ದೂ ತಿಳಿಯುವುದಿಲ್ಲ. ನಾಳೆ ಬೆಳಿಗ್ಗೆ ತೋಟಕ್ಕೆ ಹೋದಾಗ ಬಿದ್ದ ಅಡಿಕೆ ಹೆಕ್ಕುವ ಮೊದಲು ಒಮ್ಮೆ ತಲೆಯೆತ್ತಿ ನೋಡಿ. ಜತೆಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ.